ಕಾರವಾರದ ಲ್ಯಾಬಿಗೆ ನಾಕ್‌ಔಟ್ ಕೋಶಗಳು ಬಂದ ಕತೆ

ಕಾರವಾರದಂಥ ಊರಲ್ಲಿ ಕೂತು, ಜೀನ್ ತಿದ್ದಿದ ಮನುಷ್ಯನ ಜೀವಕೋಶ ತರಿಸಿ, ಬೆಳೆಸಿ, ಕೆಲಸ ಮಾಡೋಕೆ ಆಗುತ್ತಾ ಅಂತ ಧಾರವಾಡದ ಗೆಳೆಯರು ಆಗಾಗ ಕೇಳುತ್ತಾರೆ. ಆಗುತ್ತೆ. ನಾವು ಮಾಡಿದ್ದೇವೆ. ದೊಡ್ಡ ಊರಿನ ಲ್ಯಾಬಿಗಿಂತ ಓಡಾಟ ಜಾಸ್ತಿ, ಕಾಯೋದು ಜಾಸ್ತಿ, ಮಳೆಗಾಲದಲ್ಲಂತೂ ಆತಂಕ ಇನ್ನೂ ಜಾಸ್ತಿ. ಆದರೆ ಇದೆಲ್ಲ ದಾಟಿದ ಮೇಲೇ ನಿಜವಾದ ಕೆಲಸ ಶುರುವಾಗೋದು. ನಾನು ಇದನ್ನು ಬರೆಯುತ್ತಿರುವುದೂ ಆ ಭಾಗಕ್ಕೋಸ್ಕರವೇ. ಜೀನ್ ಮುರಿದಿದೆ ಅಂತ ಕೋಶದ ಜೊತೆ ಸರ್ಟಿಫಿಕೇಟ್ ಬರುತ್ತೆ. ಪ್ರೋಟೀನ್ ಹೋಗಿದೆ ಅಂತ ನಮಗೆ ಬಂದ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ನಮಗೆ ಈ ಕೋಶ ಬೇಕಾಗಿದ್ದು ಜೆಲ್ಲಿ ಮೀನಿನ ಕಾರಣಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಅದು ಮುಗಿದು ಬೋಟ್‌ಗಳು ನೀರಿಗಿಳಿದ ಮೇಲೆ ಬೈತಖೋಲ್ ಬಂದರಿಗೆ ಹೋಗಿ ನೋಡಬೇಕು. ಕೆಲವು ಸಲ ಬಲೆಯಲ್ಲಿ ಮೀನಿಗಿಂತ ಇವೇ ಜಾಸ್ತಿ. ಬಲೆ ಎಳೆಯುವವರ ಮುಂಗೈ ಮೇಲೆ ಉದ್ದುದ್ದ ಕೆಂಪು ಗೆರೆ, ಮೇಲೆ ಸಣ್ಣ ಸಣ್ಣ ಗುಳ್ಳೆ. ಉರಿ ತಡೆಯೋಕಾಗದೆ ಒದ್ದಾಡುತ್ತಾರೆ. ನಾವು ಸ್ಯಾಂಪಲ್ ಆರಿಸುತ್ತಿದ್ದಾಗ ಹಿರಿಯ ಬೋಟ್‌ನವರೊಬ್ಬರು ಕೇಳಿದರು, "ಇಷ್ಟೆಲ್ಲ ಓದಿದ್ದೀಯಲ್ಲ ತಂಗಿ, ಇದಕ್ಕೊಂದು ಔಷಧ ಇಲ್ವಾ?" ಮರಳು ಹಾಕಿ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ, ಸಮುದ್ರದ ನೀರಲ್ಲೇ ತೊಳೆಯಿರಿ, ಉಸಿರಾಟಕ್ಕೆ ತೊಂದರೆ ಅನ್ನಿಸಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಅಂತ ಹೇಳಿದೆ. ಅದು ಪ್ರಥಮ ಚಿಕಿತ್ಸೆ. ಅವರು ಕೇಳಿದ್ದು ಔಷಧ.

2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಬಾಕ್ಸ್ ಜೆಲ್ಲಿ ಮೀನಿನ ವಿಷದ ಬಗ್ಗೆ ಒಂದು ಕೆಲಸ ಪ್ರಕಟಿಸಿದರು. ಕೈರೊನೆಕ್ಸ್ ಫ್ಲೆಕೆರಿ ಅಂತ ಅದರ ಹೆಸರು, ಆಸ್ಟ್ರೇಲಿಯಾದ ಕಡೆ ಜೀವ ತೆಗೆಯುವ ಜಾತಿ. ಅವರು ಮಾಡಿದ್ದು ಇಷ್ಟು. ಮನುಷ್ಯನ ಜೀವಕೋಶಗಳ ದೊಡ್ಡ ಗುಂಪು ತಗೊಂಡು, ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಸುವ ಸಾಧನದಿಂದ ಒಂದೊಂದು ಕೋಶದಲ್ಲಿ ಒಂದೊಂದು ಜೀನ್ ಕೆಡಿಸಿ, ಎಲ್ಲದರ ಮೇಲೂ ವಿಷ ಹಾಕಿ, ಸಾಯದೆ ಉಳಿದ ಕೋಶಗಳಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಹುಡುಕಿದರು. ಮನೆಯ ಫ್ಯೂಸ್ ಒಂದೊಂದಾಗಿ ತೆಗೆದು ಯಾವ ಕೋಣೆಯ ದೀಪ ಆರುತ್ತೆ ಅಂತ ನೋಡುತ್ತೇವಲ್ಲ, ಹಾಗೆ. ಮುಖ್ಯವಾಗಿ ಸಿಕ್ಕಿದ್ದು ಎಟಿಪಿ2ಬಿ1 ಅನ್ನೋ ಜೀನ್. ಇದರಿಂದ ಆಗುವ ಪ್ರೋಟೀನ್ ಕೋಶದ ಹೊರಪೊರೆಯಲ್ಲಿ ಕೂತು ಕ್ಯಾಲ್ಸಿಯಂ ಅನ್ನು ಹೊರಗೆ ಪಂಪ್ ಮಾಡುತ್ತೆ. ಅದಿಲ್ಲದ ಕೋಶಗಳು ವಿಷಕ್ಕೆ ಅಷ್ಟು ಸುಲಭವಾಗಿ ಸಾಯಲಿಲ್ಲ. ಅದೇ ಕೆಲಸದಿಂದ ಒಂದು ಪ್ರತಿವಿಷವೂ ಸಿಕ್ಕಿತು. ಇಲಿಗಳಲ್ಲಿ ವಿಷ ತಾಗಿ 15 ನಿಮಿಷದೊಳಗೆ ಕೊಟ್ಟರೂ ಅದು ಕೆಲಸ ಮಾಡಿತು.

ಅದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮ ಬಲೆಗೆ ಬೀಳುವ ಜೆಲ್ಲಿ ಮೀನು ಬೇರೆ ಜಾತಿ. ಅದರ ವಿಷಕ್ಕೂ ಇದೇ ಪ್ರೋಟೀನ್ ಬೇಕಾ? ಉತ್ತರ ಹೌದೂ ಇರಬಹುದು, ಅಲ್ಲವೂ ಇರಬಹುದು. ನೋಡಬೇಕಾದರೆ ಎರಡು ಥರದ ಕೋಶ ಬೇಕು. ಒಂದರಲ್ಲಿ ಆ ಪ್ರೋಟೀನ್ ಇರಬೇಕು, ಇನ್ನೊಂದರಲ್ಲಿ ಇರಬಾರದು, ಉಳಿದದ್ದೆಲ್ಲ ಒಂದೇ ಆಗಿರಬೇಕು. ಲ್ಯಾಬಿನಲ್ಲಿ ಬೆಳೆಸುತ್ತಾ ಹೋಗಬಹುದಾದ ಕೋಶಗಳ ತಳಿಗೆ ಸೆಲ್ ಲೈನ್ ಅನ್ನುತ್ತಾರೆ, ಅದರಲ್ಲಿ ಒಂದು ಜೀನ್ ಕೆಡಿಸಿದ್ದು ನಾಕ್‌ಔಟ್. ಮುಟ್ಟದ ಕೋಶ ಜೊತೆಗಿಲ್ಲದೆ ಬರೀ ನಾಕ್‌ಔಟ್ ತಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ಕ್ರಿಸ್ಪರ್ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಕ್ಟೀರಿಯಾಗಳು ವೈರಸ್‌ನಿಂದ ತಪ್ಪಿಸಿಕೊಳ್ಳೋಕೆ ಬಳಸುವ ವ್ಯವಸ್ಥೆ ಇದು. 2012ರಲ್ಲಿ ಶಾರ್ಪೆಂಟಿಯರ್ ಮತ್ತು ಡೌಡ್ನಾ ಅವರ ತಂಡಗಳು ಇದನ್ನು ಬೇಕಾದ ಕಡೆ ಡಿಎನ್‌ಎ ಕತ್ತರಿಸುವ ಸಾಧನವಾಗಿ ತೋರಿಸಿಕೊಟ್ಟವು. 2013ರ ಹೊತ್ತಿಗೆ ಮನುಷ್ಯನ ಕೋಶದಲ್ಲೂ ಕೆಲಸ ಮಾಡಿತು. 2020ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಕ್ಯಾಸ್9 ಅನ್ನೋ ಪ್ರೋಟೀನ್ ಕತ್ತರಿಸುತ್ತೆ, ಗೈಡ್ ಆರ್‌ಎನ್‌ಎಯಲ್ಲಿರುವ 20 ಅಕ್ಷರದ ಗುರುತು ಎಲ್ಲಿ ಕತ್ತರಿಸಬೇಕು ಅಂತ ತೋರಿಸುತ್ತೆ. ಕತ್ತರಿಸಿದ ತುದಿಗಳನ್ನು ಕೋಶ ಗಡಿಬಿಡಿಯಲ್ಲಿ ಜೋಡಿಸುವಾಗ ಒಂದೆರಡು ಅಕ್ಷರ ಕಳೆದುಹೋಗುತ್ತೆ, ಇಲ್ಲಾ ಹೊಸದು ಸೇರುತ್ತೆ. ಜೀನ್ ಓದುವುದು ಮೂರು ಮೂರು ಅಕ್ಷರದ ಲೆಕ್ಕದಲ್ಲಿ. ಹಾಗಾಗಿ ಹೋದ ಅಕ್ಷರ ಮೂರರ ಲೆಕ್ಕಕ್ಕೆ ಸರಿಹೊಂದದಿದ್ದರೆ ಅಲ್ಲಿಂದ ಮುಂದೆ ಓದುವುದೆಲ್ಲ ತಪ್ಪಾಗಿ, ಸ್ವಲ್ಪ ದೂರದಲ್ಲೇ 'ನಿಲ್ಲಿಸು' ಅನ್ನುವ ಸೂಚನೆ ಬಂದು ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತೆ. ಲೆಕ್ಕದ ಪ್ರಕಾರ ಹೀಗೆ. ಕೋಶ ಯಾವಾಗಲೂ ನಮ್ಮ ಲೆಕ್ಕ ಕೇಳುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನಾವು ಆರಿಸಿದ್ದು ಹ್ಯಾಪ್1 ಅನ್ನೋ ಸೆಲ್ ಲೈನ್. ನಮ್ಮ ಮೈಯ ಕೋಶಗಳಲ್ಲಿ ಹೆಚ್ಚಿನ ಜೀನ್‌ಗಳ ಎರಡೆರಡು ಪ್ರತಿ ಇರುತ್ತೆ. ಹ್ಯಾಪ್1ನಲ್ಲಿ ಬಹುತೇಕ ಎಲ್ಲದಕ್ಕೂ ಒಂದೊಂದೇ. ಆ ಒಂದನ್ನು ಕೆಡಿಸಿದರೆ ಆಯಿತು. ಇದರ ಮೂಲ ಕೆಬಿಎಂ-7 ಅನ್ನುವ ಲೈನ್, ಅದು ಬಂದಿದ್ದು ರಕ್ತದ ಕ್ಯಾನ್ಸರ್ ಆಗಿದ್ದ ಒಬ್ಬ ಮನುಷ್ಯನಿಂದ. ಅವರ ಕಾಯಿಲೆಯಿಂದ ಬಂದ ಕೋಶ ಇವತ್ತು ಎಷ್ಟೋ ದೇಶಗಳ ಲ್ಯಾಬಿನಲ್ಲಿದೆ. ಎಬೋಲಾ ವೈರಸ್ ಕೋಶದೊಳಗೆ ಹೋಗೋಕೆ ಯಾವ ಪ್ರೋಟೀನ್ ಬೇಕು ಅಂತ 2011ರಲ್ಲಿ ಕಂಡುಹಿಡಿದದ್ದೂ ಇದೇ ಹ್ಯಾಪ್1ನಿಂದ. ಫ್ಲಾಸ್ಕ್ ಕೈಗೆ ತಗೊಂಡಾಗಲೆಲ್ಲ ನನಗೆ ಆ ಮನುಷ್ಯನ ನೆನಪು ಬರುತ್ತೆ. ಬರಬೇಕು ಕೂಡ ಅನ್ನಿಸುತ್ತೆ.

ನಾಕ್‌ಔಟ್ ನಾವೇ ಮಾಡೋದಾ, ತರಿಸೋದಾ ಅಂತ ಗೈಡ್ ಮೇಡಂ ಜೊತೆ ತುಂಬಾ ಚರ್ಚೆ ಆಯಿತು. ಕತ್ತರಿಸೋದು ಕಷ್ಟ ಅಲ್ಲ. ಕತ್ತರಿಸಿದ ಮೇಲೆ ಕೋಶಗಳನ್ನು ಒಂದೊಂದಾಗಿ ಬೇರೆ ಮಾಡಿ, ಪ್ಲಾಸ್ಟಿಕ್ ತಟ್ಟೆಯ ಪ್ರತಿ ಗುಳಿಯಲ್ಲಿ ಒಂದೇ ಕೋಶ ಇಟ್ಟು, ಅದು ಬೆಳೆದು ಗುಂಪಾಗುವ ತನಕ ಕಾದು, ಪ್ರತಿಯೊಂದು ಗುಂಪಿನ ಜೀನ್ ಓದಿಸಬೇಕಲ್ಲ, ಅದು ವಾರಗಟ್ಟಲೆ ಹಿಡಿಯುವ ಕೆಲಸ. ಮಧ್ಯೆ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದರೆ ಮೊದಲಿಂದ ಶುರು. ಹಾಗಾಗಿ ತರಿಸೋದು ಅಂತ ತೀರ್ಮಾನಿಸಿದೆವು. ಒಂದೇ ಜೀನಿಗೆ ಎರಡು ಬೇರೆ ಕ್ಲೋನ್ (ಹೀಗೆ ಒಂದೇ ಕೋಶದಿಂದ ಬೆಳೆದ ಗುಂಪು), ಜೊತೆಗೆ ಅದೇ ತಾಯಿ ಕೋಶ, ಅಂದರೆ ಜೀನ್ ಮುಟ್ಟದ ಮೂಲ ಕೋಶ. ಎರಡನೇ ಕ್ಲೋನ್ ಯಾಕೆ, ಸುಮ್ನೆ ಖರ್ಚು ಅಂತ ಕೆಲವರು ಹೇಳಿದರು. ಮೇಡಂ ಒಪ್ಪಲಿಲ್ಲ. ಒಂದು ಕ್ಲೋನ್‌ನಲ್ಲಿ ಕಂಡದ್ದು ಜೀನ್‌ನಿಂದ ಆಗಿದ್ದೋ ಆ ಕ್ಲೋನ್‌ನ ಸ್ವಂತ ಗುಣವೋ ಅಂತ ಹೇಳೋಕೆ ಬರಲ್ಲ ಅಂದರು. ಅವರ ಹಟ ನಮ್ಮನ್ನು ಕಾಪಾಡಿತು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಜೀನ್ ತಿದ್ದಿದ ಕೋಶಗಳಿಗೂ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪಬೇಕು. ಕೊಡುವವರ ಜೊತೆ ಒಪ್ಪಂದ ಆಗಬೇಕು, ನಮಗೆ ಬಂದ ಒಪ್ಪಂದದಲ್ಲಿ ಕೋಶವನ್ನು ಬೇರೆಯವರಿಗೆ ಹಂಚುವಂತಿಲ್ಲ ಅಂತ ಇತ್ತು. ಈ ಕೋಶ ರೋಗ ಹರಡುವುದಿಲ್ಲ, ಮಾರಾಟಕ್ಕಲ್ಲ, ಕೆಲಸ ಮುಗಿದ ಮೇಲೆ ಹೇಗೆ ನಾಶ ಮಾಡುತ್ತೇವೆ ಅಂತೆಲ್ಲ ವಿವರವಾಗಿ ಬರೆದುಕೊಡಬೇಕು. ಬೇಜಾರು ಅನ್ನಿಸಬಹುದು, ಆದರೆ ನನಗೆ ಇದು ಸರಿ ಅನ್ನಿಸಿತು. ಬರೆಯುತ್ತಾ ಹೋದ ಹಾಗೆ ಲ್ಯಾಬಿನಲ್ಲಿ ಏನಿಲ್ಲ ಅಂತ ನಮಗೇ ಗೊತ್ತಾಯಿತು.

ಇಲ್ಲದ್ದರಲ್ಲಿ ದೊಡ್ಡದು ದ್ರವ ಸಾರಜನಕ. ಕೋಶಗಳನ್ನು ವರ್ಷಗಟ್ಟಲೆ ಇಡಬೇಕಾದರೆ ಮೈನಸ್ 196 ಡಿಗ್ರಿಯ ಈ ದ್ರವವೋ ಅದರ ಮೇಲಿನ ಆವಿಯೋ ಬೇಕು. ಕಾರವಾರದಲ್ಲಿ ಇದನ್ನು ಎಲ್ಲಿಂದ ತರೋದು? ದಾರಿ ಸಿಕ್ಕಿದ್ದು ಶಿರಸಿಯಲ್ಲಿ. ನನ್ನ ಸೋದರಮಾವ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹಸುಗಳ ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯದ ಕಡ್ಡಿಗಳನ್ನು ಇಡುವುದು ಇದೇ ಸಾರಜನಕದ ಕ್ಯಾನಿನಲ್ಲಿ ತಾನೇ? ಊರೂರಿನ ಪಶು ಆಸ್ಪತ್ರೆಗೆ ಇದು ಬರುತ್ತೆ. ಪೂರೈಕೆ ಯಾರು ಮಾಡುತ್ತಾರೆ, ಕ್ಯಾನ್ ಎಲ್ಲಿ ಸಿಗುತ್ತೆ ಅಂತ ಅವರೇ ವಿಚಾರಿಸಿ ಕೊಟ್ಟರು. "ಇದ್ರಲ್ಲಿ ಮನುಷ್ಯರ ಕೋಶ ಇಡದನೆ ಕೂಸೆ?" ಅಂತ ಆಶ್ಚರ್ಯಪಟ್ಟರು, ಆಮೇಲೆ ಕೂತು ಎಲ್ಲ ಹೇಳಿಕೊಟ್ಟರು. ಮುಚ್ಚಳದ ಬಾಯಿ ಗಟ್ಟಿಯಾಗಿ ಬಿಗಿಯಬಾರದು, ಆವಿ ಹೊರಗೆ ಹೋಗಬೇಕು. ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ಯಬಾರದು. ಒಳಗೆ ಎಷ್ಟಿದೆ ಅಂತ ನೋಡೋಕೆ ಟಾರ್ಚ್ ಬಿಡಬೇಕಾಗಿಲ್ಲ, ಒಂದು ಪಟ್ಟಿಯನ್ನು ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಗಾಳಿಯಲ್ಲಿ ಆಡಿಸಿದರೆ ದ್ರವ ಮುಟ್ಟಿದ ಎತ್ತರದವರೆಗೆ ಬಿಳಿ ಹಿಮ ಕಟ್ಟುತ್ತೆ. ಆ ಗೆರೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಲ್ಯಾಬಿನಲ್ಲಿ ಈಗಲೂ ಇದೇ ಕ್ರಮ.

ಕೋಶಗಳು ವಿಮಾನದಲ್ಲಿ ಡ್ರೈ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಬಂದವು. ಕಸ್ಟಮ್ಸ್‌ನಲ್ಲಿ ಒಂದು ಪತ್ರ ಸಾಲದು ಅಂತ ನಿಂತಿತು. ಡ್ರೈ ಐಸ್ ಕಾಯುವ ವಸ್ತು ಅಲ್ಲ, ಪೆಟ್ಟಿಗೆ ತೆಗೆಯದಿದ್ದರೂ ಅದು ಆವಿಯಾಗಿ ಕರಗುತ್ತಲೇ ಇರುತ್ತೆ. ಅದನ್ನು ಮತ್ತೆ ತುಂಬಿಸೋಕೆ ಏಜೆಂಟರಿಗೆ ಹಗಲು ರಾತ್ರಿ ಫೋನ್ ಮಾಡಿದ್ದು ನನಗೆ ಮರೆಯುವುದಿಲ್ಲ. ಬಿಡುಗಡೆ ಆದ ಕೂಡಲೇ ನಾನೂ ಲ್ಯಾಬ್ ಅಟೆಂಡರ್ ಅಣ್ಣನೂ ಕಾರಿನಲ್ಲಿ ಹೊರಟು, ಹುಬ್ಬಳ್ಳಿಯಲ್ಲಿ ಊಟ ಮುಗಿಸಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಜೋರು ಮಳೆ. ಆದರೂ ಕಿಟಕಿ ಪೂರ್ತಿ ಏರಿಸುವ ಹಾಗಿಲ್ಲ, ಡ್ರೈ ಐಸ್‌ನಿಂದ ಬರುವುದು ಕಾರ್ಬನ್ ಡೈಆಕ್ಸೈಡ್, ಮುಚ್ಚಿದ ಕಾರಿನಲ್ಲಿ ಅಪಾಯ. ತೋಯ್ಸಿಕೊಂಡೇ ಅಂಕೋಲಾ ಮುಟ್ಟಿದೆವು. ಕಾರವಾರದಲ್ಲಿ ಪೆಟ್ಟಿಗೆ ತೆಗೆದಾಗ ತಳದಲ್ಲಿ ಡ್ರೈ ಐಸ್ ಇನ್ನೂ ಇತ್ತು. ನೇರ ಸಾರಜನಕದ ಕ್ಯಾನಿಗೆ ಹಾಕಿದೆವು.

ಕೋಶ ಕರಗಿಸುವ ಹೊತ್ತನ್ನು ಹತ್ತಿರದಿಂದ ನೋಡಿದರೆ ಅದೆಷ್ಟು ಸೂಕ್ಷ್ಮ ಅಂತ ತಿಳಿಯುತ್ತೆ. ವಯಲ್ ಅಂದರೆ ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಬಾಟಲಿ, ಒಳಗೆ ಒಂದು ಮಿಲಿಲೀಟರ್. ಅದನ್ನು 37 ಡಿಗ್ರಿಯ ನೀರಿನಲ್ಲಿ ಹಿಡಿದು, ಮುಚ್ಚಳಕ್ಕೆ ನೀರು ತಾಗದ ಹಾಗೆ ಮೆಲ್ಲಗೆ ಆಡಿಸಬೇಕು. ಅಂಚಿನಿಂದ ಕರಗುತ್ತಾ ಬರುತ್ತೆ. ನಡುವೆ ಬಟಾಣಿ ಕಾಳಿನಷ್ಟು ಮಂಜುಗಡ್ಡೆ ಉಳಿದಿರುವಾಗಲೇ ಹೊರಗೆ ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಹುಡ್ ಅನ್ನೋ ಶುದ್ಧ ಗಾಳಿಯ ಪೆಟ್ಟಿಗೆಯೊಳಗೆ ಒಯ್ಯಬೇಕು. ಕೋಶ ಒಡೆಯದಿರಲಿ ಅಂತ ಹಾಕಿರುವ ಡಿಎಂಎಸ್‌ಒ ಅನ್ನೋ ದ್ರವ, ಕರಗಿದ ಮೇಲೆ ಕೋಶಕ್ಕೇ ತೊಂದರೆ. ಹಾಗಾಗಿ ಬೆಚ್ಚಗಿನ ಮೀಡಿಯಂಗೆ, ಅಂದರೆ ಕೋಶ ಬೆಳೆಯುವ ಪೋಷಕ ದ್ರವಕ್ಕೆ, ಹನಿ ಹನಿಯಾಗಿ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನದು ಚೆಲ್ಲಿ, ಹೊಸ ಮೀಡಿಯಂನಲ್ಲಿ ಫ್ಲಾಸ್ಕಿಗೆ ಹಾಕುತ್ತೇವೆ. ಅವತ್ತು ಮೈಕ್ರೋಸ್ಕೋಪ್‌ನಲ್ಲಿ ಬರೀ ದುಂಡು ದುಂಡು ತೇಲುವ ಕಣ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹಲವು ಕೋಶಗಳು ತಳಕ್ಕೆ ಅಂಟಿ, ಚಪ್ಪಟೆಯಾಗಿ ಹರಡಿಕೊಂಡಿದ್ದವು. ಬದುಕಿದ್ದಾವೆ ಅಂತ ಕೂಗಿ ಎಲ್ಲರನ್ನೂ ಕರೆದೆ.

ಹೊಸ ಕೋಶವನ್ನು ಹಳೆಯವುಗಳ ಜೊತೆ ಇಡುವಂತಿಲ್ಲ. ಬೇರೆ ಇನ್‌ಕ್ಯುಬೇಟರ್, ಬೇರೆ ಮೀಡಿಯಂ ಬಾಟಲಿ. ಮೊದಲು ಮೈಕೋಪ್ಲಾಸ್ಮಾ ಪರೀಕ್ಷೆ. ಇದೊಂದು ಬಹಳ ಸಣ್ಣ ಬ್ಯಾಕ್ಟೀರಿಯಾ, ಮೀಡಿಯಂ ಕಲಕುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಕೋಶಗೋಡೆ ಇಲ್ಲದ ಕಾರಣ ಪೆನಿಸಿಲಿನ್‌ಗೂ ಬಗ್ಗುವುದಿಲ್ಲ. ಕೋಶದ ನಡವಳಿಕೆಯನ್ನೇ ಬದಲಿಸಿಬಿಡುತ್ತೆ. ಪಿಸಿಆರ್‌ನಂಥ (ಡಿಎನ್‌ಎ ತುಂಡನ್ನು ಪ್ರತಿ ಮೇಲೆ ಪ್ರತಿ ಮಾಡುವ) ಪರೀಕ್ಷೆ ಮಾಡಿದರೇ ಗೊತ್ತಾಗೋದು. ನಮ್ಮದು ಶುದ್ಧ ಇತ್ತು. ನಮ್ಮ ಕರಾವಳಿಯ ಇನ್ನೊಂದು ಕಾಟ ಬೂಷ್ಟು. ಜುಲೈ ತಿಂಗಳಲ್ಲಿ ಇಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಲ್ಲ, 37 ಡಿಗ್ರಿಯ ತೇವದ ಇನ್‌ಕ್ಯುಬೇಟರ್ ಅದಕ್ಕೆ ಇನ್ನೂ ಇಷ್ಟ. ನೀರಿನ ತಟ್ಟೆಗೆ ಸ್ವಲ್ಪ ಮೈಲುತುತ್ತ ಹಾಕುತ್ತೇವೆ. ತೋಟದವರಿಗೆ ಇದು ಹೊಸದಲ್ಲ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ.

ಆಮೇಲೆ ಜೀನ್ ನೋಡುವ ಕೆಲಸ. ಕತ್ತರಿಸಿದ ಜಾಗದ ಸುತ್ತಲಿನ ತುಂಡನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ಸೀಕ್ವೆನ್ಸಿಂಗ್‌ಗೆ, ಅಂದರೆ ಅಕ್ಷರ ಓದಿಸೋಕೆ, ಕಳಿಸಿದೆವು. ಒಂದೇ ಪ್ರತಿ ಇರುವ ಕಾರಣ ಗ್ರಾಫ್ ಚೊಕ್ಕ ಬಂತು, ಒಂದರ ಮೇಲೊಂದು ಶಿಖರ ಬಿದ್ದಿರಲಿಲ್ಲ. ಮೊದಲ ಕ್ಲೋನ್‌ನಲ್ಲಿ 10 ಅಕ್ಷರ ಕಾಣೆ, ಎರಡನೆಯದರಲ್ಲಿ ಒಂದು ಅಕ್ಷರ ಹೆಚ್ಚು. ಎರಡೂ ಮೂರರ ಲೆಕ್ಕಕ್ಕೆ ಸೇರುವುದಿಲ್ಲ, ಸರ್ಟಿಫಿಕೇಟ್ ಹೇಳಿದ ಹಾಗೇ ಇತ್ತು. ಇಲ್ಲಿಗೆ ನಿಲ್ಲಿಸುವವರು ಇದ್ದಾರೆ. ದಯವಿಟ್ಟು ನಿಲ್ಲಿಸಬೇಡಿ.

ಪ್ರೋಟೀನ್ ನೋಡೋಕೆ ವೆಸ್ಟರ್ನ್ ಬ್ಲಾಟ್ ಮಾಡಿದೆವು. ಅಂದರೆ ಕೋಶದ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿಯಿಂದ ಹುಡುಕುವುದು; ಅದು ಇದ್ದ ಕಡೆ ಬ್ಯಾಂಡ್, ಅಂದರೆ ಗೆರೆ, ಕಾಣುತ್ತೆ. ಇಂಥ ಪೊರೆಯ ಪ್ರೋಟೀನ್ ಇದ್ದಾಗ ಸ್ಯಾಂಪಲ್ ಅನ್ನು 95 ಡಿಗ್ರಿಗೆ ಕುದಿಸದಿರುವುದು ಒಳ್ಳೆಯದು, ಗಂಟುಕಟ್ಟಿ ಜೆಲ್ ಒಳಗೇ ಇಳಿಯದೆ ಹೋಗಬಹುದು. 37 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಸಾಕಾಗುತ್ತೆ. ಮೊದಲು ಬಳಸಿದ್ದು 5ಎಫ್10 ಅನ್ನೋ ಹೆಸರಾಂತ ಆಂಟಿಬಾಡಿ. ಫಲಿತಾಂಶ ಬಂದಾಗ ತಾಯಿ ಕೋಶದಲ್ಲೂ ಬ್ಯಾಂಡ್, ಎರಡೂ ನಾಕ್‌ಔಟ್‌ನಲ್ಲೂ ಬ್ಯಾಂಡ್. ತೆಳುವಾಗಿತ್ತು, ಆದರೂ ಇತ್ತು. ಈ ಆಂಟಿಬಾಡಿ ಕ್ಯಾಲ್ಸಿಯಂ ಪಂಪ್‌ನ ನಾಲ್ಕೂ ರೂಪಗಳನ್ನು ಹಿಡಿಯುತ್ತೆ ಅಂತ ಗೊತ್ತಿತ್ತು. ಎರಡು ಮತ್ತು ಮೂರನೆಯದು ಹೆಚ್ಚಾಗಿ ನರಕೋಶಗಳದ್ದು, ಆದರೆ ಒಂದು (ಎಟಿಪಿ2ಬಿ1ನದ್ದು) ಮತ್ತು ನಾಲ್ಕು ಮೈಯೆಲ್ಲ ಇರುತ್ತವೆ. ಹಾಗಾದರೆ ಕಾಣುತ್ತಿರುವುದು ನಾಲ್ಕನೆಯದಾ, ಇಲ್ಲಾ ಕೆಟ್ಟಿರಬೇಕಾದ ಒಂದನೆಯದೇ ಉಳಿದಿದೆಯಾ? ಈ ಚಿತ್ರ ನೋಡಿ ಹೇಳೋಕಾಗಲ್ಲ.

ಒಂದನೆಯದನ್ನು ಮಾತ್ರ ಹಿಡಿಯುವ ಆಂಟಿಬಾಡಿ ತರಿಸಿದೆವು. ಡಾರ್ಕ್ ರೂಮಿನಲ್ಲಿ ನಾನೂ ಮೇಡಂ ಇಬ್ಬರೇ ಇದ್ದೆವು. ತಾಯಿ ಕೋಶದ ಸಾಲಿನಲ್ಲಿ 140 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಗಟ್ಟಿ ಬ್ಯಾಂಡ್. ಮೊದಲ ಕ್ಲೋನ್‌ನ ಸಾಲು ಖಾಲಿ, ಪೂರ್ತಿ ಖಾಲಿ. ಎರಡನೇ ಕ್ಲೋನ್‌ನ ಸಾಲಿನಲ್ಲಿ, ಸ್ವಲ್ಪ ಕೆಳಗೆ, ಒಂದು ತೆಳು ಗೆರೆ. ಕೆಳಗಡೆ ಎಲ್ಲ ಕೋಶದಲ್ಲೂ ಇರುವ ಆಕ್ಟಿನ್ ಅನ್ನೋ ಪ್ರೋಟೀನ್ ಮೂರರಲ್ಲೂ ಸಮ, ಅಂದರೆ ಹಾಕಿದ ಪ್ರೋಟೀನ್ ಸರಿಯಾಗಿಯೇ ಇದೆ. ಮತ್ತೆ ಮಾಡಿದಾಗಲೂ ಅದೇ ಜಾಗದಲ್ಲಿ ಅದೇ ಗೆರೆ.

ಆರ್‌ಎನ್‌ಎ ತೆಗೆದು ನೋಡಿದ ಮೇಲೆ ಕಾರಣ ತಿಳಿಯಿತು. ಪ್ರೋಟೀನಿಗೆ ಬೇಕಾದ ಬರಹ ಜೀನ್‌ನಲ್ಲಿ ತುಂಡು ತುಂಡಾಗಿರುತ್ತೆ, ಆ ತುಂಡಿಗೆ ಎಕ್ಸಾನ್ ಅನ್ನುತ್ತಾರೆ. ಎರಡನೇ ಕ್ಲೋನ್ ಕೆಟ್ಟ ಭಾಗ ಇರುವ ಎಕ್ಸಾನ್ ಅನ್ನೇ ಬಿಟ್ಟು ಹಿಂದಿನದನ್ನೂ ಮುಂದಿನದನ್ನೂ ಜೋಡಿಸಿಕೊಳ್ಳುತ್ತಿತ್ತು. ಆ ಎಕ್ಸಾನ್‌ನ ಉದ್ದ ಮೂರರ ಲೆಕ್ಕಕ್ಕೆ ಸರಿ ಇದ್ದದ್ದರಿಂದ ಮುಂದಿನ ಓದು ಕೆಡಲಿಲ್ಲ. ಸ್ವಲ್ಪ ಗಿಡ್ಡ ಪ್ರೋಟೀನ್, ಕಡಿಮೆ ಪ್ರಮಾಣದಲ್ಲಿ, ಆದರೆ ಬರುತ್ತಿದೆ. ಅದು ಪಂಪ್ ಮಾಡುತ್ತೋ ಇಲ್ಲವೋ ಬೇರೆ ಮಾತು. ವಿಷಕ್ಕೆ ಬೇಕಾದದ್ದು ಅದರ ಪಂಪ್ ಮಾಡುವ ಶಕ್ತಿಯೋ ಬರೀ ಅದರ ಇರುವಿಕೆಯೋ ನಮಗೆ ತಿಳಿಯದೆ ಇರುವಾಗ ಇಂಥ ಕ್ಲೋನ್ ಮೇಲೆ ವಿಷ ಹಾಕಿ ಬಂದ ಉತ್ತರವನ್ನು ಏನಂತ ಓದೋದು?

ಇದು ನಮ್ಮೊಬ್ಬರ ಅನುಭವ ಅಲ್ಲ. ಇದೇ ಹ್ಯಾಪ್1 ಕೋಶಗಳ ಮೇಲೆ 2019ರಲ್ಲಿ ನೇಚರ್ ಮೆಥಡ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಜೀನ್ ಮುರಿದಿದೆ ಅಂತ ಖಾತ್ರಿಯಾಗಿದ್ದ ನಾಕ್‌ಔಟ್‌ಗಳನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಒಂದು ಭಾಗದಲ್ಲಿ ಪ್ರೋಟೀನ್ ಒಂದಿಷ್ಟು ಉಳಿದಿತ್ತು. ಎಕ್ಸಾನ್ ಬಿಟ್ಟು ಜೋಡಿಸಿಕೊಳ್ಳುವುದು ಒಂದು ದಾರಿ, ಮುಂದಿನ ಬೇರೆ ಜಾಗದಿಂದ ಓದಲು ಶುರುಮಾಡುವುದು ಇನ್ನೊಂದು ದಾರಿ. ಮೂರರಲ್ಲಿ ಒಂದು ಅಂದರೆ ಸಣ್ಣ ಸಂಖ್ಯೆಯಲ್ಲ. ಬ್ಲಾಟ್ ಮಾಡದೆ ನಾಕ್‌ಔಟ್ ಅಂತ ಹೆಸರಿಟ್ಟು ಪೇಪರ್ ಬರೆಯುವುದು ನನ್ನ ಮಟ್ಟಿಗೆ ಒಪ್ಪತಕ್ಕದ್ದಲ್ಲ. ಅದರ ಮೇಲೆ ಮುಂದೆ ಯಾರೋ ಔಷಧ ಹುಡುಕುತ್ತಾರೆ, ಹಣ ಹಾಕುತ್ತಾರೆ, ವರ್ಷಗಳನ್ನು ಕೊಡುತ್ತಾರೆ.

ಚಿತ್ರಗಳನ್ನೆಲ್ಲ ಸೇರಿಸಿ ಕೋಶ ಕೊಟ್ಟವರಿಗೆ ಬರೆದೆವು. ಅವರು ಒಪ್ಪಿಕೊಂಡು, ಬೇರೆ ಗೈಡ್‌ನಿಂದ ಜೀನ್‌ನ ಬೇರೆ ಕಡೆ ಕತ್ತರಿಸಿದ ಇನ್ನೊಂದು ಕ್ಲೋನ್ ಕಳಿಸಿದರು. ಅದರ ಬ್ಲಾಟ್ ಖಾಲಿ ಬಂದಿದೆ. ಈಗ ನಮ್ಮ ಹತ್ತಿರ ಎರಡು ಒಳ್ಳೆಯ ಕ್ಲೋನ್ ಇವೆ. ಹ್ಯಾಪ್1 ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಬೆಳೆಸುತ್ತಾ ಹೋದ ಹಾಗೆ ಈ ಕೋಶಗಳು ತಮ್ಮ ಜೀನ್‌ಗಳನ್ನೆಲ್ಲ ದುಪ್ಪಟ್ಟು ಮಾಡಿಕೊಂಡು ಎರಡು ಪ್ರತಿಯವಾಗುತ್ತವೆ. ಮುರಿದ ಜೀನ್ ಮುರಿದೇ ಇರುತ್ತೆ, ಎರಡೂ ಪ್ರತಿಯಲ್ಲಿ ಅದೇ ಪೆಟ್ಟು. ಆದರೆ ಕೋಶದ ಗಾತ್ರ, ಬೆಳೆಯುವ ವೇಗ ಬದಲಾಗಬಹುದು, ತಾಯಿ ಕೋಶದ ಜೊತೆ ಹೋಲಿಸುವಾಗ ಇದು ಅಡ್ಡ ಬರುತ್ತೆ. ಹಾಗಾಗಿ ಬಂದ ಕೂಡಲೇ ಬೆಳೆಸಿ ಜಾಸ್ತಿ ವಯಲ್ ಫ್ರೀಜ್ ಮಾಡಿಟ್ಟು, ಪ್ರತಿ ಪ್ರಯೋಗಕ್ಕೂ ಹೊಸದನ್ನೇ ಕರಗಿಸಿಕೊಳ್ಳಿ. ತಾಯಿ ಕೋಶಕ್ಕೂ ಅಷ್ಟೇ ಕಾಳಜಿ ಬೇಕು.

ಮುಂದಿನ ಹೆಜ್ಜೆ ಕೆಡಿಸಿದ ಜೀನ್ ಅನ್ನು ವಾಪಸ್ ಹಾಕಿ ನೋಡುವುದು. ನಾಕ್‌ಔಟ್ ಕೋಶ ವಿಷ ತಡೆದುಕೊಂಡು, ಜೀನ್ ವಾಪಸ್ ಕೊಟ್ಟ ಮೇಲೆ ಮತ್ತೆ ಸತ್ತರೆ ಮಾತ್ರ ಇದು ಎಟಿಪಿ2ಬಿ1ನ ಕೆಲಸ ಅಂತ ಧೈರ್ಯವಾಗಿ ಹೇಳಬಹುದು. ಅದಕ್ಕೆ ಬೇಕಾದ ಪ್ಲಾಸ್ಮಿಡ್‌ಗೆ, ಅಂದರೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರಕ್ಕೆ, ಆರ್ಡರ್ ಹೋಗಿದೆ. ಬಂದರಿನಿಂದ ತಂದ ಜೆಲ್ಲಿ ಮೀನಿನ ಎಳೆಗಳಿಂದ ಚುಚ್ಚುವ ಕೋಶಗಳನ್ನು ಬೇರೆ ಮಾಡಿ, ಗಾಜಿನ ಮಣಿಗಳ ಜೊತೆ ಒಡೆದು ತೆಗೆದ ವಿಷ ಮೈನಸ್ 80ರ ಫ್ರೀಜರ್‌ನಲ್ಲಿದೆ.

ಒಪ್ಪಂದದ ಪ್ರಕಾರ ಕೋಶಗಳನ್ನು ಕೊಡೋಕೆ ನಮಗೆ ಬರುವುದಿಲ್ಲ. ಆದರೆ ಪ್ರೈಮರ್‌ಗಳ (ಪಿಸಿಆರ್‌ಗೆ ಬೇಕಾದ ಸಣ್ಣ ಡಿಎನ್‌ಎ ತುಂಡು) ವಿವರ, ಬ್ಲಾಟ್ ಮಾಡುವ ಕ್ರಮ, ಸಮಿತಿಗೆ ಕೊಟ್ಟ ಅರ್ಜಿಯ ನಕಲು ಬೇಕಿದ್ದರೆ ಖಂಡಿತ ಕೊಡುತ್ತೇವೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ವಿದ್ಯಾರ್ಥಿಗಳು ಯಾರಾದರೂ ಕೋಶ ಕರಗಿಸೋದನ್ನು ಕಣ್ಣಾರೆ ನೋಡಬೇಕು ಅಂದರೆ ಸೋಮವಾರ ಬೆಳಿಗ್ಗೆ ಬನ್ನಿ, ಸಾರಜನಕ ಅಳೆಯೋದರಿಂದಲೇ ಶುರು ಮಾಡೋಣ.